ಸವೆಯದ ಪಿನ್ನು

ಅಪ್ಪ ತೀರಿಕೊಂಡ ಮೇಲೆ ಅವರ ಟ್ರಂಕಿನಲ್ಲಿ, ಮಡಿ ಪಂಚೆಗಳ ನಡುವೆ, ಅಮ್ಮನ ಪ್ಲೇಟು ಸಿಕ್ಕಿತು. ಮದುವೆಗೆ ಮುಂಚೆ ಅಮ್ಮ ಒಂದೇ ಒಂದು ಗ್ರಾಮಫೋನ್ ಪ್ಲೇಟಿಗೆ ಹಾಡಿದ್ದಳಂತೆ. ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳು ಹಾಗೆಲ್ಲ ಹಾಡಬಾರದೆಂದು ನಂಬಿದ್ದ ಅಪ್ಪ ಅದನ್ನು ಯಾರಿಗೂ ತೋರಿಸಿರಲಿಲ್ಲ, ಎಸೆದೂ ಇರಲಿಲ್ಲ. ನನ್ನನ್ನು ಹೆತ್ತ ಹತ್ತೇ ದಿನಕ್ಕೆ ಅಮ್ಮ ಹೋದಳು. ಅಕ್ಕನಿಗೆ ಅವಳ ದನಿ ನೆನಪಿತ್ತು, ನನಗಿರಲಿಲ್ಲ. ಈ ಒಂದು ವಿಷಯದಲ್ಲಿ ನನಗೆ ಅಕ್ಕನ ಮೇಲೆ ಚಿಕ್ಕಂದಿನಿಂದಲೂ ಹೊಟ್ಟೆಕಿಚ್ಚು. ಮುಚ್ಚಿಡುವುದೇನು ಬಂತು!

ಶಿವಮೊಗ್ಗದ ಗುಜರಿ ಅಂಗಡಿಯೊಂದರಲ್ಲಿ ಹಳೆಯ ಗ್ರಾಮಫೋನೂ ಸಿಕ್ಕಿತು. ಕೀಲಿ ಕೊಟ್ಟರೆ ಸೊಗಸಾಗಿ ತಿರುಗುತ್ತಿತ್ತು. ಪಿನ್ನು ಮಾತ್ರ ಇರಲಿಲ್ಲ. ಪ್ಲೇಟಿನ ಗೆರೆಯಲ್ಲಿ ಓಡಿ ಹಾಡು ಹೊರಡಿಸುವ ಆ ಸಣ್ಣ ಉಕ್ಕಿನ ಸೂಜಿಗಾಗಿ, ಶಾಲೆಯ ಪಾಠ ಮುಗಿಸಿ ಗಾಂಧಿ ಬಜಾರಿನ ಒಂದಂಗಡಿ ಬಿಡದೆ ಅಲೆದೆ.

“ಈಗೆಲ್ಲ ರೇಡಿಯೋ ಕಾಲ ಟೀಚರ್ರೇ, ಪಿನ್ನು ಯಾರು ಇಡ್ತಾರೆ?” ಎಂದು ಒಬ್ಬರಾದ ಮೇಲೊಬ್ಬರು ನಕ್ಕರು. ನನಗೆ ರೇಗಿತು. ಭಾನುವಾರ ಗ್ರಾಮಫೋನನ್ನೂ ಪ್ಲೇಟನ್ನೂ ಹೊತ್ತು ಅಕ್ಕನ ಮನೆಗೆಂದು ಭದ್ರಾವತಿಯ ರೈಲು ಹತ್ತಿದೆ.

ಭಾವ ಅಲ್ಲಿನ ಕಬ್ಬಿಣದ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮೇಲೆ ಉಕ್ಕು ಕಡೆಯುವ ಟರ್ನರ್. ಉಕ್ಕಿನಲ್ಲಿ ಮಾಡಲಾಗದ್ದು ಲೋಕದಲ್ಲಿ ಯಾವುದೂ ಇಲ್ಲವೆಂಬುದು ಅವರ ನಂಬಿಕೆ. ಕ್ವಾರ್ಟರ್ಸಿನ ಜಗಲಿಯಲ್ಲೇ ಕೆಲಸ ಶುರುವಾಯಿತು. ಗ್ರಾಮಫೋನಿನೊಳಗೆ ಒಣಗಿ ಹೋಗಿದ್ದ ರಬ್ಬರಿನ ಜಾಗಕ್ಕೆ ಸೈಕಲ್ ಟ್ಯೂಬಿನ ಚೂರು ಬಂತು. ಮುರಿದ ಡ್ರಿಲ್ಲಿನ ತುಂಡನ್ನು ಉಜ್ಜಿ ಉಜ್ಜಿ, ಕೆಂಪಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ ಭಾವ ಪಿನ್ನು ಮಾಡಿಯೇಬಿಟ್ಟರು.

“ಅಂಗಡಿ ಪಿನ್ನು ಒಂದು ಹಾಡಿಗೆ ಸವೆದು ಹೋಗುತ್ತೆ. ಇದು ನಿನ್ನ ಮೊಮ್ಮಕ್ಕಳ ಕಾಲಕ್ಕೂ ಸವೆಯಲ್ಲ, ನೋಡ್ತಿರು ಮಾರಾಯ್ತಿ!”

ನಾನು ಆಗಲೇ ಅಮ್ಮನ ಪ್ಲೇಟು ಬಿಚ್ಚಿದ್ದೆ. ಅಕ್ಕ ಕೈ ಹಿಡಿದಳು. “ಮೊದ್ಲು ಇವರ ಹತ್ರ ಬಿದ್ದಿರೋ ಹಳೇ ನಾಟಕದ ಪ್ಲೇಟಿಗೆ ಹಾಕ್ಲಿ. ಹಾಳಾದ್ರೆ ಅದೇ ಹಾಳಾಗ್ಲಿ.”

ನಾಟಕದ ಹಾಸ್ಯಗಾರ ಗಟ್ಟಿಯಾಗಿ ಕೂಗಿದಾಗ ನಾವು ಮೂವರೂ ಕುಣಿದೆವು! ಅಕ್ಕಪಕ್ಕದ ತಮಿಳರ ಮನೆಯವರೂ ಬಂದು ನಿಂತರು. ಹಾಕಿದ್ದನ್ನೇ ಐದಾರು ಸಲ ಹಾಕಿದೆವು. ಏಳನೆಯ ಸಲಕ್ಕೆ ಹಾಸ್ಯಗಾರನ ಮಾತು ಅಡಗಿ, ಬಾಣಲೆಯಲ್ಲಿ ಹಪ್ಪಳ ಕರಿಯುವ ಸದ್ದಷ್ಟೇ ಉಳಿಯಿತು. ಪ್ಲೇಟಿನ ಗೆರೆಗಳೆಲ್ಲ ಬಿಳಿಚಿಕೊಂಡು ಕರಿಪುಡಿ ಉದುರುತ್ತಿತ್ತು. ಭಾವ ಪಿನ್ನಿನ ಮೊನೆಯನ್ನು ಭೂತಗನ್ನಡಿಯಲ್ಲಿ ನೋಡಿದರು. ಹಾಗೇ ಇತ್ತು.

“ಪಿನ್ನು ಸವೆಯೋದು ಪ್ಲೇಟು ಉಳೀಲಿ ಅಂತ,” ಎಂದರು ಸಣ್ಣ ದನಿಯಲ್ಲಿ. “ನಾನು ಉಲ್ಟಾ ಮಾಡ್ದೆ.”

ಅಮ್ಮನ ಪ್ಲೇಟನ್ನು ಎದೆಗವಚಿಕೊಂಡೆ. ನನ್ನ ಆತುರಕ್ಕಿಷ್ಟು ಬೆಂಕಿ ಹಾಕ! ಅಕ್ಕ ತಡೆಯದಿದ್ದರೆ ಅಮ್ಮ ಇನ್ನೊಮ್ಮೆ ಹೋಗಿಬಿಡುತ್ತಿದ್ದಳು.

ಅಕ್ಕ ಹಿತ್ತಲಿಗೆ ಹೋಗಿ ನಿಂಬೆಗಿಡದಿಂದ ಬಲಿತ ಮುಳ್ಳುಗಳನ್ನು ಕಿತ್ತು ತಂದಳು. “ಮೆತ್ತಗಿರೋದೇ ಬೇಕಲ್ವಾ? ತಗೊಳ್ಳಿ.” ಉಕ್ಕಿನೂರಿನ ಟರ್ನರ್ ನಿಂಬೆಮುಳ್ಳಿಗೆ ಶರಣಾಗಬೇಕೆಂದರೆ ಸಾಮಾನ್ಯವೇ? ಮುಖ ಸಿಂಡರಿಸಿಕೊಂಡೇ ಅದನ್ನು ಬಿಸಿ ಬಾಣಲೆಯಲ್ಲಿ ಒಣಗಿಸಿ, ಕತ್ತರಿಸಿ, ಗ್ರಾಮಫೋನಿಗೆ ಸಿಕ್ಕಿಸಿದರು. ನಾಟಕದ ಪ್ಲೇಟಿನ ಇನ್ನೊಂದು ಮಗ್ಗುಲು ಹಾಡಿತು! ದನಿ ಸಣ್ಣದು, ಆದರೆ ಸ್ಪಷ್ಟ. ಪುಡಿ ಉದುರಲಿಲ್ಲ. ಮುಳ್ಳಿನ ಮೊನೆ ಮಾತ್ರ ಮೊಂಡಾಗಿತ್ತು.

ಹೊಸ ಮುಳ್ಳು ಹಾಕಿ, ಅಮ್ಮನ ಪ್ಲೇಟು ಇಟ್ಟೆವು. ಮೊದಲು ಸರಸರ, ಆಮೇಲೆ ಹಾರ್ಮೋನಿಯಂ, ಆಮೇಲೆ ಅವಳು.

ನಾನು ಜೋಗುಳದಂಥ, ತೂಕದ ದನಿಯೊಂದನ್ನು ಊಹಿಸಿಕೊಂಡಿದ್ದೆ. ಇದು ಹದಿನೈದರ ಹುಡುಗಿ. ಹಾರ್ಮೋನಿಯಮ್ಮಿಗಿಂತ ಮುಂದೆ ಓಡುತ್ತಿದ್ದಾಳೆ, ನಗು ತಡೆದುಕೊಂಡಿದ್ದಾಳೆ. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. “ಈ ದನಿ ನಾನೂ ಕೇಳಿರ್ಲಿಲ್ಲ ಕಣೇ.”

ನನಗಾಗ ಇಪ್ಪತ್ತೈದು. ಮೇಲಿನ ಸ್ವರಕ್ಕೆ ಏರುವಾಗ ಉಸಿರು ಸಾಲದೆ ಆ ಹುಡುಗಿ ಒಂದು ಕ್ಷಣ ತಡವರಿಸಿದಳು. ಪದ್ಯ ಹಾಡುವ ಮಕ್ಕಳಿಗೆ ದಿನಾ ತರಗತಿಯಲ್ಲಿ ಹೇಳಿ ಹೇಳಿ ಅಭ್ಯಾಸವಾದ ಮಾತು ನನ್ನ ಬಾಯಿಂದ ತಾನಾಗಿ ಬಂತು:

“ಹೆದ್ರಬೇಡ ಮಗು, ಹಾಡು.”