ಕಡ್ಡಿ ಚಿಕ್ಕಮ್ಮನ ಕೊಬ್ಬಿನ ಸಾಕಣೆ

ಚಿಕ್ಕಮ್ಮನ ಮೈಯಲ್ಲಿ ಹಿಡಿ ಮಾಂಸವಿರಲಿಲ್ಲ. ಗಾಳಿ ಬೀಸಿದರೆ ಹಾರಿಹೋಗುತ್ತಾಳೆಂದು ಗಂಡನೇ ಅವಳಿಗೆ ‘ಕಡ್ಡಿ’ ಎಂದು ಹೆಸರಿಟ್ಟಿದ್ದ. ಅಂಥವಳು ಇಪ್ಪತ್ತಾರು ವರ್ಷದಿಂದ ಮಾಡುತ್ತಿದ್ದ ಕೆಲಸವೋ, ಕೊಬ್ಬು ಬೆಳೆಸುವುದು! ಪ್ರಯೋಗಾಲಯದಲ್ಲಿ ಎಲ್ಲರಿಗೂ ಅವಳು ಚಿಕ್ಕಮ್ಮ. ಅಲ್ಲಿನ ಎರಡನೆಯ ಮಹಡಿಯಲ್ಲಿ, ಬೆಚ್ಚನೆಯ ಗಾಜಿನ ಪೆಟ್ಟಿಗೆಯೊಳಗೆ, ಅಂಗೈಯಗಲದ ತಟ್ಟೆಗಳಲ್ಲಿ ಇಲಿಯ ಜೀವಕೋಶಗಳನ್ನು ಸಾಕುತ್ತಿದ್ದಳು. ಹೊತ್ತಿಗೆ ಸರಿಯಾಗಿ ಅವುಗಳ ಗುಲಾಬಿ ಬಣ್ಣದ ಆಹಾರ ಬದಲಿಸಬೇಕು, ತಟ್ಟೆ ತುಂಬುವ ಮೊದಲೇ ಬೇರೆ ತಟ್ಟೆಗಳಿಗೆ ಹಂಚಬೇಕು. ಭಾನುವಾರವೂ ಒಂದೇ, ಸೋಮವಾರವೂ ಒಂದೇ.

“ಕೂಸಿಗಿಂತ ಕಷ್ಟ ಕಣ್ರೀ. ಕೂಸಾದ್ರೆ ಅಳುತ್ತೆ, ಇವು ಅಳೋದೂ ಇಲ್ಲ,” ಎನ್ನುತ್ತಿದ್ದಳು.

ಎಳೆಯ ಕೋಶವೂ ಚಿಕ್ಕಮ್ಮನಂತೆಯೇ ಕಡ್ಡಿ. ಹದ ನೋಡಿ ಔಷಧಿ ಹಾಕಿದರೆ ಮಾತ್ರ ಅದರೊಳಗೆ ಯಜಮಾನಿಯಂಥ ಒಂದು ಜೀನ್ ಎಚ್ಚರಗೊಳ್ಳುತ್ತದೆ. ಮನೆಯ ಹಿರಿಯಳು ಎದ್ದ ಮೇಲೆ ಮಿಕ್ಕವರು ಮಲಗಿರಲಾದೀತೆ? ಒಂದರ ಹಿಂದೆ ಒಂದು ನೂರಾರು ಜೀನುಗಳು ಏಳುತ್ತವೆ. ಸಕ್ಕರೆಯನ್ನು ಒಳಗೆ ತರುವುದು ಒಂದು, ಎಣ್ಣೆ ಕೂಡಿಡುವುದು ಇನ್ನೊಂದು, ‘ಹೊಟ್ಟೆ ತುಂಬಿತು, ಸಾಕು’ ಎಂದು ಮಿದುಳಿಗೆ ಸುದ್ದಿ ಕಳಿಸುವುದು ಮತ್ತೊಂದು. ಹತ್ತು ದಿನಕ್ಕೆ ಕೋಶದ ತುಂಬ ಎಣ್ಣೆಯ ಹನಿಗಳು.

ಆ ಯಜಮಾನಿಯನ್ನು ಎಬ್ಬಿಸುವವರು ಯಾರು? ಅಲ್ಲಿ ಪಿಎಚ್‌.ಡಿ. ಮಾಡುತ್ತಿದ್ದ ಹುಡುಗಿ ಎರಡು ವರ್ಷದಿಂದ ಅದನ್ನೇ ಹುಡುಕುತ್ತಿದ್ದಳು. ಇನ್ನೊಂದು ಜೀನಿನ ಮೇಲೆ ಅವಳಿಗೆ ಗುಮಾನಿ. ಆ ಜೀನಿನ ಬಾಯಿ ಮುಚ್ಚಿಸಿದ ಕೋಶಗಳು ಕೊಬ್ಬಬಾರದು, ಸುಮ್ಮನೆ ಬಿಟ್ಟವು ಕೊಬ್ಬಬೇಕು. ಆಗ ಅವಳ ಮಾತು ನಿಜ.

ಯಾವುವೂ ಕೊಬ್ಬಲಿಲ್ಲ. ಮೂರು ಸಲ ಮಾಡಿದರೂ ಸುಮ್ಮನೆ ಬಿಟ್ಟವು ಸಹ ಸೊರಗಿಯೇ ಇದ್ದವು. ಇನ್ನು ವಿಷಯವನ್ನೇ ಬದಲಾಯಿಸೋಣ ಎಂದರು ಪ್ರೊಫೆಸರರು. ಹುಡುಗಿ ಕೈತೊಳೆಯುವ ತೊಟ್ಟಿಯ ಮುಂದೆ ನಿಂತು ಅತ್ತಳು.

“ನನ್ನ ಕೈಗುಣಾನೇ ಸರಿ ಇಲ್ಲ ಚಿಕ್ಕಮ್ಮ. ನೀವು ಮುಟ್ಟಿದ್ದೆಲ್ಲ ಬೆಳೆಯುತ್ತೆ, ನಾನು ಮುಟ್ಟಿದ್ದು ಹಾಳಾಗುತ್ತೆ.”

ಚಿಕ್ಕಮ್ಮನಿಗೆ ಎರಡು ತಿಂಗಳ ಹಿಂದೆ ಮಗಳು ಮನೆ ಬದಲಾಯಿಸಿದ ಭಾನುವಾರ ನೆನಪಾಯಿತು. ಅಂದು ಮೂರು ಮಹಡಿ ಸಾಮಾನು ಇಳಿಸುತ್ತ ಅವಳು ಕೆಲಸಕ್ಕೆ ಬಂದಿರಲಿಲ್ಲ. ಸೋಮವಾರ ನೋಡಿದರೆ ಕೋಶಗಳು ತಟ್ಟೆಯ ತುಂಬ ಮೈಗೆ ಮೈ ತಾಗಿಸಿ ನಿಂತಿದ್ದವು. ಹಾಗೊಮ್ಮೆ ಒತ್ತೊತ್ತಾಗಿ ಬೆಳೆದ ಸಂತತಿ ಮುಂದೆ ಹೆಚ್ಚುತ್ತದೆಯೇ ಹೊರತು ಸರಿಯಾಗಿ ಕೊಬ್ಬುವುದಿಲ್ಲ. ಅದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಒಂದು ದಿನಕ್ಕೇನಾಗುತ್ತೆ ಎಂದುಕೊಂಡು ಅವನ್ನೇ ಹೊಸ ತಟ್ಟೆಗಳಿಗೆ ಹಂಚಿ ಹುಡುಗಿಗೆ ಕೊಟ್ಟಿದ್ದಳು. ದಿನದಿನದ ಆರೈಕೆಗೆ ಗುರುತು ಹಾಕುವ ಗೋಡೆಯ ಪಟ್ಟಿಯಲ್ಲಿ ಭಾನುವಾರದ ಚೌಕ ಖಾಲಿಯಿತ್ತು. ಇಪ್ಪತ್ತಾರು ವರ್ಷದಲ್ಲಿ ಅವಳ ಒಂದು ಚೌಕವೂ ಖಾಲಿ ಉಳಿದಿರಲಿಲ್ಲ. ನಾಚಿಕೆಯಾಗಿ ಅಲ್ಲೊಂದು ಟಿಕ್ ಹಾಕಿಬಿಟ್ಟಿದ್ದಳು.

ಸಂಜೆ ಬಟ್ಟೆ ಮಡಿಸುತ್ತ ಗಂಡನಿಗೆ ಎಲ್ಲವನ್ನೂ ಹೇಳಿದಳು.

“ಹೋಗಿ ಹೇಳ್ಬಿಡು ಕಡ್ಡಿ,” ಎಂದ ಅವನು. “ಇಷ್ಟು ವರ್ಷ ಗಾಳಿಗೆ ಹಾರದೋಳು ನಾಚಿಕೆಗೆ ಹಾರಿಹೋಗ್ತೀಯಾ?”

ಮರುದಿನ ಬೆಳಿಗ್ಗೆ ಎಲ್ಲರೂ ಸೇರಿದ್ದಾಗ ಚಿಕ್ಕಮ್ಮ ಪಟ್ಟಿಯನ್ನು ಗೋಡೆಯಿಂದ ಕಿತ್ತು ತಂದು ಮೇಜಿನ ಮೇಲೆ ಹರಡಿದಳು. ಆ ಟಿಕ್ಕನ್ನು ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿದಳು.

“ಈ ಭಾನುವಾರ ನಾನು ಬಂದಿರ್ಲಿಲ್ಲ. ತಟ್ಟೆ ತುಂಬಿ ಕೋಶ ಕೆಟ್ಟಿದ್ದು ನನ್ನಿಂದ. ಇವಳ ಕೈಯಲ್ಲಿ ಏನೂ ದೋಷ ಇಲ್ಲ.”

“ಎರಡು ತಿಂಗಳು, ಚಿಕ್ಕಮ್ಮ!” ಎಂದು ಕೂಗಿ ಹುಡುಗಿ ಎದ್ದುಹೋದಳು. ಬೈಸಿಕೊಳ್ಳೋಣವೆಂದು ಚಿಕ್ಕಮ್ಮ ಹಿಂದೆಯೇ ಹೋದಳು. ಹುಡುಗಿ ಆಗಲೇ ಕೋಶಗಳನ್ನು ಹೆಪ್ಪುಗಟ್ಟಿಸಿಡುವ ದೊಡ್ಡ ಡಬ್ಬಿಯ ಮುಂದೆ ನಿಂತಿದ್ದಳು. ಮುಖ ಊದಿತ್ತು.

“ಹಳೇದು ಯಾವುದಾದ್ರೂ ಇದೆಯಾ?”

“ಇದೆ. ಆರು ವರ್ಷದ ಹಿಂದೆ ನಾನೇ ಇಟ್ಟಿದ್ದು, ಅಪ್ಪಟ ಚಿನ್ನ.”

ಈ ಸಲ ಇಬ್ಬರೂ ಸರದಿಯ ಮೇಲೆ ಕಾದರು. ಮೊದಲ ವಾರ ಹುಡುಗಿ ಬೇಕಾದಷ್ಟೇ ಮಾತಾಡಿದಳು, ಎರಡನೆಯ ವಾರ ತನ್ನ ಡಬ್ಬಿಯ ಊಟದಲ್ಲಿ ಪಾಲು ಕೊಟ್ಟಳು. ಒಂದು ತಿಂಗಳಿಗೆ, ಕೊಬ್ಬಿಗೆ ಮಾತ್ರ ಹತ್ತುವ ಕೆಂಪು ಬಣ್ಣವನ್ನು ತಟ್ಟೆಗಳಿಗೆ ಹಾಕಿ ತೊಳೆದು ನೋಡಿದರು. ಸುಮ್ಮನೆ ಬಿಟ್ಟ ತಟ್ಟೆ ಕೆಂಪಗೆ ಕೆಂಪು. ಬಾಯಿ ಮುಚ್ಚಿಸಿದ್ದು ಬಿಳಿಚಿಕೊಂಡಿತ್ತು. ಹುಡುಗಿಯ ಗುಮಾನಿ ನಿಜವಾಗಿತ್ತು.

ಅವಳು ಕಿರುಚಿ ಚಿಕ್ಕಮ್ಮನನ್ನು ಅನಾಮತ್ತಾಗಿ ಎತ್ತಿಕೊಂಡಳು. ಎತ್ತಲು ಅಲ್ಲೇನು ಭಾರವಿತ್ತು?

“ಏನೇ ಹೇಳಿ ಚಿಕ್ಕಮ್ಮ, ಕೈಗುಣ ಅಂದ್ರೆ ನಿಮ್ದೇ!”

“ಇಳಿಸೇ ಕೆಳಗೆ! ಕೈಗುಣ ಗೀಗುಣ ಏನೂ ಇಲ್ಲ,” ಎಂದಳು ಚಿಕ್ಕಮ್ಮ, ಕಣ್ಣೊರೆಸಿಕೊಳ್ಳುತ್ತ. “ಭಾನುವಾರ ಬರಬೇಕು, ಅಷ್ಟೆ.”