ಪಿಯಾನೋ ನಾಗೇಶಿ, ನಲವತ್ತು ಮಂದಿ ಹರದೇಶಿ

ಪಾಶ್ಚಾತ್ಯ ಸಂಗೀತದ ವಿಷಯದಲ್ಲಿ ನನ್ನ ಅಜ್ಞಾನ ಅತ್ಯಂತ ನಿರ್ಮಲವಾದದ್ದು. ಇಷ್ಟು ವರ್ಷ ಅದಕ್ಕೆ ಒಂದು ಚುಕ್ಕೆ ಮಾಹಿತಿಯೂ ತಾಗದಂತೆ ಕಾಪಾಡಿಕೊಂಡು ಬಂದಿದ್ದೆ. ಹೀಗಿದ್ದೂ ತೆಲಸಂಗದ ಆಚೆಗಿನ ಒಂದು ದ್ರಾಕ್ಷಿ ತೋಟದಲ್ಲಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು, ಒಂದು ಪಿಯಾನೋ ಕಾನ್ಚರ್ಟೋಗೆ ತೀರ್ಪು ಕೊಡುವ ಪ್ರಸಂಗ ನನಗೆ ಒದಗಿ ಬಂತು. ಅದಕ್ಕೆ ನನ್ನ ಪೂರ್ವಾಶ್ರಮವೇ ಕಾರಣ.

ಅಥಣಿಯಲ್ಲಿ ಮಾಸ್ತರಿಕೆ ಮಾಡುತ್ತಿದ್ದ ಕಾಲದಲ್ಲಿ ನಾನು ಗೀಗೀ ಪದಗಳ ಪೈಪೋಟಿಗೆ ಕಾಯಂ ತೀರ್ಪುಗಾರನಾಗಿದ್ದೆ. ಕೊಕಟನೂರಿನಲ್ಲಿ, ರಾಯಬಾಗದಲ್ಲಿ, ಚಿಕ್ಕೋಡಿಯ ಸುತ್ತಿನ ಹಳ್ಳಿಗಳಲ್ಲಿ ಎರಡು ಮೇಳಗಳು ಊರಕಟ್ಟೆಯ ಮೇಲೆ ಎದುರುಬದುರು ನಿಲ್ಲುತ್ತಿದ್ದವು. ಹರದೇಶಿಯವರದು ಗಂಡೇ ಹೆಚ್ಚೆಂಬ ವಾದ; ನಾಗೇಶಿಯವರದು ಹೆಣ್ಣೇ ಹೆಚ್ಚೆಂಬ ವಾದ. ಒಬ್ಬರು ಹಾಡಿನಲ್ಲಿ ಸವಾಲು ಎಸೆದರೆ ಇನ್ನೊಬ್ಬರು ಹಾಡಿನಲ್ಲೇ ಜವಾಬು ಕೊಡಬೇಕು. ಬೆಳಗಿನವರೆಗೆ ನಡೆಯುವ ಈ ಜಗಳದ ಕೊನೆಯಲ್ಲಿ ಇಬ್ಬರೂ ಕೂಡಿ ಮಂಗಳ ಹಾಡಿ, ಒಂದೇ ತಾಟಿನಲ್ಲಿ ಉಪ್ಪಿಟ್ಟು ತಿಂದು ಹೋಗುತ್ತಿದ್ದರು. ಬೈಸಿಕೊಳ್ಳುವ ಹೊಣೆ ಮಾತ್ರ ತೀರ್ಪುಗಾರನದು. ಅದರ ಪರಿಹಾರವಾಗಿ ಅವನಿಗೊಂದು ತೆಂಗಿನಕಾಯಿ, ಒಂದು ಟಾವೆಲ್ಲು. ನಮ್ಮ ಮನೆಯಲ್ಲಿ ಇಂದಿಗೂ ಟಾವೆಲ್ಲಿನ ಬರ ಇಲ್ಲ.

ಆ ಕಟ್ಟೆಯ ಮೇಲೆ ನಾನು ಕಲಿತ ಶಾಸ್ತ್ರವೆಲ್ಲ ಒಂದೇ ಮಾತಿನದು. ಎದುರಿನವ ಕೇಳಿದ್ದೇನು ಎಂಬುದನ್ನು ಬಿಟ್ಟು, ಮನೆಯಲ್ಲಿ ಉರುಹೊಡೆದು ತಂದ ಪದವನ್ನೇ ಹಾಡಿದರೆ ಅದಕ್ಕೆ ನಾವು 'ಬುತ್ತಿ ಬಿಚ್ಚಿದ' ಎನ್ನುತ್ತಿದ್ದೆವು. ಬುತ್ತಿ ಎಷ್ಟೇ ರುಚಿಯಾಗಿರಲಿ, ಬಿಚ್ಚಿದವನು ಸೋತಂತೆಯೇ.

ಇನ್ನು ಕಾನ್ಚರ್ಟೋದ ಸಂಗತಿ. ನನ್ನ ಅಕ್ಕನ ಮೊಮ್ಮಗಳು ಚಿಕ್ಕಂದಿನಲ್ಲಿ ಮಿರಜದ ಸೋದರತ್ತೆಯ ಮನೆಯಲ್ಲಿದ್ದು ಓದಿದವಳು. ಅಲ್ಲಿ ಒಂದು ಹಳೆಯ ಬಂಗ್ಲೆಯಲ್ಲಿ ಪಿಯಾನೋ ಹಚ್ಚಿಕೊಂಡಳು. ಮುಂದೆ ಪುಣೆಗೆ ಹೋದಳು. ಅಲ್ಲಿ ಹೋದ ಚಳಿಗಾಲದಲ್ಲಿ ದೊಡ್ಡ ವಾದ್ಯಮೇಳದ ಜೊತೆ ಎರಡು ಸಂಜೆ ಒಂದೇ ಕಾನ್ಚರ್ಟೋ ಬಾರಿಸಿದ್ದಳು. ಎರಡನ್ನೂ ರೆಕಾರ್ಡು ಮಾಡಿದ್ದರು. ಅವಳು ಮುಂದೆ ಕಲಿಯಬೇಕೆಂದಿದ್ದ ದೊಡ್ಡ ಶಾಲೆಗೆ ಈಗ ಒಂದು ರೆಕಾರ್ಡನ್ನು ಕಳಿಸಬೇಕು, ಒಂದನ್ನೇ. ಅದು ಅವರ ಮನಸ್ಸಿಗೆ ಬಂದರೆ ಸಂದರ್ಶನಕ್ಕೆ ಕರೆಯುತ್ತಾರೆ. ಬಾರದಿದ್ದರೆ ಆ ಬಾಗಿಲು ಮುಚ್ಚಿದಂತೆಯೇ, ಯಾಕೆಂದರೆ ಮುಂದಿನ ವರ್ಷಕ್ಕೆ ಅವಳ ವಯಸ್ಸು ಮೀರುತ್ತದೆ. ಕಳಿಸಲು ಕೊನೆಯ ದಿನ ಬಂದರೂ ಹುಡುಗಿಗೆ ಯಾವುದೆಂದು ಬಗೆಹರಿದಿರಲಿಲ್ಲ. ಸರಿ, ತೋಟದ ಮನೆಗೆ ಬಂದು ನನಗೆ ಫೋನು ಮಾಡಿದಳು.

"ಅಜ್ಜಾ, ನೀವು ಬಂದು ಹೇಳ್ರಿ."

"ನನಗೇನ್ ತಿಳೀತೈತಿ ತಂಗಿ, ಅದರಾಗ?"

"ಅದಕ್ಕ ಕರ್ಯಾಕತ್ತೇನ್ರಿ. ಪುಣೇದಾಗ ಎಲ್ಲಾರಿಗೂ ಭಾಳ ತಿಳೀತೈತಿ. ಒಬ್ಬರೂ ಒಂದ ಮಾತ ಹೇಳವಲ್ರು."

ನನ್ನ ಅಜ್ಞಾನವನ್ನು ಇಷ್ಟು ಗೌರವದಿಂದ ಯಾರೂ ಆಮಂತ್ರಿಸಿರಲಿಲ್ಲ. ಇಸ್ತ್ರಿ ಮಾಡಿದ ಧೋತರ ಉಟ್ಟು ಬಸ್ಸು ಹತ್ತಿದೆ.

ತೋಟದಲ್ಲಿ ನ್ಯಾಯಪೀಠ ಸಿದ್ಧವಾಗಿತ್ತು. ಅಕ್ಕನ ಗಂಡ, ನಮ್ಮ ಕಡೆಯ ಮಾತಿನಲ್ಲಿ ನನಗೆ ಮಾಮಾ, ಅಂಗಳದಲ್ಲಿ ಟ್ರ್ಯಾಕ್ಟರನ್ನು ತಿರುಗಿಸಿ ನಿಲ್ಲಿಸಿದ್ದ. ಕಬ್ಬಿನ ಹಂಗಾಮಿನಲ್ಲಿ ಆ ಟ್ರ್ಯಾಕ್ಟರು ಫ್ಯಾಕ್ಟರಿಗೆ ಹೋಗುವಾಗ ಅದು ಬರುವ ಮೊದಲೇ ಅದರ ಹಾಡು ಮುಂದಿನ ಊರಿಗೆ ಮುಟ್ಟಿರುತ್ತದೆ. ಡ್ರೈವರನ ತಲೆಯ ಮೇಲಿನ ಟಪ್ಪಿನ ಕೆಳಗೆ, ಅವನ ಎರಡೂ ಕಿವಿಗೆ ಒಂದೊಂದರಂತೆ, ಜೋಳದ ಕಣಜದಂಥ ಸ್ಪೀಕರು.

"ಮೊಬೈಲದಾಗ ಏನ್ ಕೇಳ್ತೀರಿ ಮಾಸ್ತರ, ಸೊಳ್ಳಿ ಗುಂಯ್ ಅಂದಂಗ! ಇದಕ್ಕ ಹಚ್ಚೂಣು. ಏಕದಮ್ ಮುಂದ ಕುಂತ ಬಾರಿಸಿದಂಗ ಕೇಳತೈತಿ," ಎಂದ ಮಾಮಾ.

ಹುಡುಗಿ ಏನೋ ಹೇಳಲು ಬಾಯಿ ತೆರೆದಳು. ತನ್ನ ಮುತ್ಯಾನ, ಅಂದರೆ ಮಾಮಾನ, ಮುಖದ ಉತ್ಸಾಹ ನೋಡಿ ಮೊಬೈಲನ್ನು ಟ್ರ್ಯಾಕ್ಟರಿನ ಡೆಕ್ಕಿಗೆ ಜೋಡಿಸಿದಳು.

ಇದು ರೊಮ್ಯಾಂಟಿಕ್ ಕಾಲದ ಕೃತಿ ಎಂದು ಅವಳು ಪೀಠಿಕೆ ಹಾಕಿದಳು. ರೊಮ್ಯಾಂಟಿಕ್ ಎಂದೊಡನೆ ಅಕ್ಕ ಸೆರಗು ಸರಿಮಾಡಿಕೊಂಡು, ಮನೆಯಲ್ಲಿ ಹೊರಗಿನವರು ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡಳು. ಮೊಬೈಲಿನಲ್ಲಿ ಚಿತ್ರ ಬಂತು: ಕರಿ ಕೋಟಿನ ಒಂದು ದೊಡ್ಡ ಗುಂಪು, ಮುಂದೆ ತೆರೆದ ಪಿಯಾನೋ, ಅದರ ಮುಂದೆ ನಮ್ಮ ಹುಡುಗಿ.

"ಇಕಿ ಎದುರಿಗೆ ಎಷ್ಟ ಮಂದಿ ಅದಾರ?" ಮಾಮಾ ಕೇಳಿದ.

"ಎದುರಿಗಲ್ಲ ಮುತ್ಯಾ, ನನ್ನ ಜೋಡಿ. ನಲವತ್ತ ಮಂದಿ."

"ಅವ್ರು ಒಮ್ಮೆ ಬಾರಿಸ್ತಾರ, ನೀ ಒಮ್ಮೆ ಬಾರಿಸ್ತಿ, ಹೌದಿಲ್ಲೋ?"

"ಹೌದು. ಕೆಲವೊಮ್ಮೆ ಕೂಡಿ."

"ಆತು ಬಿಡು. ಸವಾಲ್-ಜವಾಬ. ಇಕಿ ನಾಗೇಶಿ, ಅವ್ರು ಹರದೇಶಿ," ಎಂದು ಮಾಮಾ ಕಾನ್ಚರ್ಟೋದ ವ್ಯಾಖ್ಯಾನ ಮುಗಿಸಿದ. ಆಮೇಲೆ ನಾನು ವಿಚಾರಿಸಿದಾಗ ಹುಡುಗಿ ಒಪ್ಪಿದಳು: ಪುಸ್ತಕದಲ್ಲೂ ಹೆಚ್ಚುಕಡಿಮೆ ಹಾಗೇ ಬರೆದಿದೆಯಂತೆ, ಪುಟ ಮಾತ್ರ ಹೆಚ್ಚು ಹಿಡಿದಿದೆಯಂತೆ.

"ಮಂದಿಗೆ ಬೆನ್ನ ತೋರಿಸಿ ಕಡ್ಡಿ ಹಿಡದ ನಿಂತಾನಲ್ಲ, ಅಂವ ಯಾ ಪಾರ್ಟಿ?"

"ಅವ್ರು ಯಾ ಪಾರ್ಟೀನೂ ಅಲ್ಲ ಮುತ್ಯಾ. ಎಲ್ಲಾರನೂ ಕೂಡಿಸ್ಕೊಂಡ ಹೋಗ್ತಾರ."

"ಹಂಗ ಅಂದವ್ರನ್ನ ಭಾಳ ನೋಡೇನಿ ನಾ," ಎಂದು ಮಾಮಾ ಸಂಶಯವನ್ನು ಕಾಯ್ದಿರಿಸಿಕೊಂಡ.

ಟ್ರ್ಯಾಕ್ಟರು ಮೊದಲ ಸಂಜೆಯದನ್ನು ಹಾಡತೊಡಗಿತು. ಹರದೇಶಿಯವರ ಕಡೆಯ ದಪ್ಪ ತಂತಿವಾದ್ಯಗಳು ಒಮ್ಮೆ ಉಸಿರು ಬಿಟ್ಟದ್ದೇ ತಡ, ಕಟ್ಟೆಯ ಮೇಲಿನ ಚಹಾದ ಕಪ್ಪು-ಬಸಿಗಳು ಸ್ಥಳ ಬದಲಿಸಿದವು. ಎರಡು ಕೋಳಿ ದ್ರಾಕ್ಷಿ ಬಳ್ಳಿಗಳ ಸಾಲಿನೊಳಗೆ ಓಡಿಹೋಗಿ, ಸಂಜೆಯವರೆಗೆ ಹೊರಬರಲಿಲ್ಲ. ಈ ಗದ್ದಲದಲ್ಲಿ ಪಿಯಾನೋ ಎಲ್ಲೋ ದೂರದಲ್ಲಿ ಹುಣಸೆಬೀಜ ಎಣಿಸುತ್ತ ಕೂತಿತ್ತು. ನಡುವೆ ಒಂದು ಕಡೆ ವಾದ್ಯಮೇಳವೆಲ್ಲ ಗಪ್ಪನೆ ನಿಂತು, ಹುಡುಗಿ ಒಬ್ಬಳೇ ಬಹಳ ಹೊತ್ತು ಬಾರಿಸಿದಳು.

"ಅವ್ರೆಲ್ಲ ಚಾ ಕುಡ್ಯಾಕ ಹೋದ್ರೇನ?"

"ಇಲ್ಲ ಮುತ್ಯಾ, ಇದು ನಾ ಒಬ್ಬಾಕಿನ ಬಾರಿಸೋ ಜಾಗಾ."

"ಅಂದ್ರ ನಲವತ್ತ ಮಂದೀಗೂ ಜವಾಬು ಹೊಳೀಲಿಲ್ಲ!" ಎಂದು ಅಕ್ಕ ತೊಡೆ ತಟ್ಟಿದಳು.

"ಹೊಳೀಲಾರದ್ದಲ್ಲ, ಸಣ್ಣಾಕಿ ಅಂತ ಬಿಟ್ಟಾರ," ಎಂದ ಮಾಮಾ. ಕೊನೆಗೆ ಎಲ್ಲರೂ ಕೂಡಿ ಧಡಧಡ ಬಾರಿಸಿ ನಿಲ್ಲಿಸಿದಾಗ, "ಮಂಗಳ ಆತು. ಹರದೇಶಿ ಗೆದ್ರು," ಎಂದು ನನ್ನನ್ನು ಕೇಳದೆಯೇ ಘೋಷಿಸಿದ.

"ಗೆದ್ದದ್ದು ನಿಮ್ಮ ಟ್ರ್ಯಾಕ್ಟರು! ಹುಡುಗೀದು ಒಂದ ಸಪ್ಪಳಾನೂ ಕೇಳಲಿಲ್ಲ. ಲೇ ತಮ್ಮಾ, ತೀರ್ಪ ಕೊಡಾಕ ಬಂದಿಯೋ, ಕಬ್ಬ ಸಾಗಸಾಕ ಬಂದಿಯೋ? ಏಳು, ಶೆಡ್ಡಿಗಿ ನಡಿ!" ಎಂದಳು ಅಕ್ಕ.

ಸ್ಥಳಾಂತರದ ಅರ್ಜಿ ಪುರಸ್ಕೃತವಾಯಿತು. ಒಣದ್ರಾಕ್ಷಿಯ ಶೆಡ್ಡು ಆಗ ಖಾಲಿಯಿತ್ತು. ಸಾಲುಸಾಲು ಬಲೆಯ ಅಟ್ಟಣಿಗೆಗಳು, ಸುತ್ತ ಹಸಿರು ಪರದೆ, ಒಳಗೆ ಇನ್ನೂ ಹೋಗದ ಸಿಹಿ ವಾಸನೆ. ಹುಡುಗಿ ತನ್ನ ಚೀಲದಿಂದ ಅಂಗೈಯಗಲದ ಒಂದು ಸ್ಪೀಕರು ತೆಗೆದು ಅಟ್ಟಣಿಗೆಯ ಮೇಲಿಟ್ಟಳು. ಮಾಮಾ ಅದನ್ನು ನೋಡಿದ ನೋಟದಲ್ಲಿ ಮನೆತನದ ಮರ್ಯಾದೆಯ ಪ್ರಶ್ನೆ ಇತ್ತು.

ಮೊದಲ ಸಂಜೆಯದನ್ನೇ ಮತ್ತೆ ಹಚ್ಚಿದಳು. ಆಗ ನನಗೆ ಪಿಯಾನೋ ಎಂದರೇನೆಂದು ಮೊದಲ ಸಲ ಕೇಳಿಸಿತು. ಬೆರಳುಗಳು ಮೇಲಿಂದ ಕೆಳಕ್ಕೆ ಇಳಿದು ಬಂದರೆ ಒಂದು ಸ್ವರ ಇನ್ನೊಂದನ್ನು ತುಳಿಯಲಿಲ್ಲ. ಅಕ್ಕ ಕಣ್ಣು ಮುಚ್ಚಿ, "ಒಂದ ಕಾಳ ಚೆಲ್ಲಲಿಲ್ಲ ನೋಡು, ಹೆಂಗ ಹಸನ ಮಾಡ್ಯಾಳ," ಎಂದಳು. ನಾನೂ ಮನಸ್ಸಿನಲ್ಲಿ ಇದೇ ಎಂದು ಬರೆದುಕೊಂಡೆ.

ಆಮೇಲೆ ಎರಡನೆಯ ಸಂಜೆಯದು. ಮೊದಲ ಭಾಗ ಅದರಂತೆಯೇ ಹೋಯಿತು. ನಿಧಾನದ ಭಾಗ ಬಂತು. ಅಲ್ಲಿ ಶಹನಾಯಿಯ ದೂರದ ತಂಗಿಯಂಥ ಒಂದು ಊದುವ ವಾದ್ಯ, ಓಬೋ ಎನ್ನುತ್ತಾರಂತೆ, ಒಂದು ಸಾಲು ನುಡಿಯುತ್ತದೆ. ಪಿಯಾನೋ ಅದಕ್ಕೆ ಮರುನುಡಿಯಬೇಕು. ಓಬೋ ತನ್ನ ಕೊನೆಯ ಸ್ವರ ಹಿಡಿದು ನಿಂತಿತು. ಬಿಡಲಿಲ್ಲ. ಸಣ್ಣಗಾಗುತ್ತ, ಸಣ್ಣಗಾಗುತ್ತ ಹೋಯಿತು. ಪಿಯಾನೋ ಬರಲಿಲ್ಲ. ಶೆಡ್ಡಿನಲ್ಲಿ ಮಾಮಾ ಕೂಡ ತಂಬಾಕು ತಿಕ್ಕುವುದನ್ನು ನಿಲ್ಲಿಸಿದ. ಆ ಸ್ವರ ಪೂರ್ತಿ ಆರಿದ ಮೇಲೆ ಪಿಯಾನೋ ಬಾಯಿ ತೆರೆಯಿತು, ಕೇಳಿಸಿಕೊಂಡವರು ಮಾತಾಡುವ ಹಾಗೆ. ಮತ್ತೆ ಸ್ವಲ್ಪ ಮುಂದೆ ಎಡಗೈ ಧಪ್ಪನೆ ಒಂದು ಅಪಸ್ವರದ ಮೇಲೆ ಬಿತ್ತು.

ನನಗೂ ತಿಳಿಯುವಂಥ ತಪ್ಪು. ಹುಡುಗಿ ಓಢಣಿಯ ತುದಿಯನ್ನು ಬೆರಳಿಗೆ ಸುತ್ತಿ ಬಿಗಿಹಿಡಿದಳು.

"ಮುಗೀತು. ಮೊದಲಿಂದು ಕಳಸು," ಎಂದು ಅಕ್ಕ ಎದ್ದಳು. "ಇದರಾಗ ಎಡವ್ಯಾಳ."

ಮಾಮಾ ಅಪರೂಪಕ್ಕೆ ಹೆಂಡತಿಯ ಮಾತು ಅನುಮೋದಿಸಿದ. "ಬರೋಬ್ಬರಿ. ಕಲ್ಲಿದ್ದ ಜ್ವಾಳ ಯಾರ್ ತಗೋತಾರ?"

ನಾನು ಆ ಜಾಗವನ್ನು ಎರಡರಲ್ಲೂ ಮತ್ತೊಮ್ಮೆ ಹಚ್ಚಲು ಹೇಳಿದೆ. ಮೊದಲ ಸಂಜೆ ಓಬೋದ ಮಾತಿನ ಬಾಲ ಇನ್ನೂ ಗಾಳಿಯಲ್ಲಿರುವಾಗಲೇ ಪಿಯಾನೋ ತನ್ನದು ಶುರುಮಾಡಿತ್ತು. ಚೆಂದವಾಗಿಯೇ, ಸರಿಯಾದ ಹೊತ್ತಿಗೇ. ಆದರೆ ಓಬೋದ ಬದಲು ಅಲ್ಲಿ ಕೋಳಿ ಕೂಗಿದ್ದರೂ ಪಿಯಾನೋ ಅದನ್ನೇ ಬಾರಿಸುತ್ತಿತ್ತು.

"ಎರಡನೇ ದಿನ ಅಲ್ಲಿ ಏನಾತು ತಂಗಿ?"

"ಅವತ್ತ ಓಬೋದಂವ ಕೊನೀ ಸ್ವರ ಪ್ರಾಕ್ಟೀಸಿನಾಗ ಹಿಡದದ್ದಕ್ಕಿಂತ ಉದ್ದ ಹಿಡದಾನ್ರಿ ಅಜ್ಜಾ. ಎಷ್ಟ ಚಂದ ಇತ್ತಂದ್ರ, ನಾ ಕೇಳ್ಕೋತ ಕುಂತಬಿಟ್ಟೆ. ಅದರ ಗುಂಗಿನ್ಯಾಗ ಮುಂದ ಎಡಗೈ ತಪ್ಪತು."

ಶಾಸ್ತ್ರ ನನ್ನ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಆದರೆ ಇದು ಗೀಗೀ ಪದವಲ್ಲ. ಹಳೆಯ ಕಟ್ಟೆಗಳ ಮೇಲೆ ನನ್ನ ತೀರ್ಪು ತಪ್ಪಿದ್ದರೆ ಒಂದು ಮೇಳ ಒಂದು ದಿನ ಮುನಿಸಿಕೊಳ್ಳುತ್ತಿತ್ತು. ಇಲ್ಲಿ ತಪ್ಪಿದರೆ ಈ ಹುಡುಗಿ ಇಷ್ಟು ವರ್ಷ ಬೆರಳು ಸವೆಸಿದ್ದು ಒಬ್ಬ ಟಾವೆಲ್ಲು ಮಾಸ್ತರನ ಮಾತಿಗೆ ಹೋಗುತ್ತದೆ. ಆ ದೊಡ್ಡ ಶಾಲೆಯವರು ಅಕ್ಕನ ಹಾಗೆ ಕಾಳು ಎಣಿಸುವವರಾಗಿದ್ದರೆ? ಅವರೇನು ಕೊಕಟನೂರಿನ ಕಟ್ಟೆ ಕಂಡವರೇ? ನೀರು ಕೇಳಿ ಕುಡಿದೆ. ಇನ್ನೊಂದು ಲೋಟ ಕುಡಿದೆ.

"ಹೇಳ್ರಿ ಅಜ್ಜಾ," ಎಂದಳು.

"ಮೊದಲಿಂದು ಬುತ್ತಿ," ಎಂದೆ. "ಚಲೋ ಬುತ್ತಿ. ತುಪ್ಪಾ ಹಚ್ಚಿದ್ದು. ಆದ್ರ ಬುತ್ತೀನ. ಎರಡನೇದ್ದು ಜವಾಬು."

"ಆದ್ರ ಆ ತಪ್ಪ ಎಲ್ಲಾರಿಗೂ ಕೇಳತೈತ್ರಿ."

"ಕೇಳತೈತಿ. ನನಗೂ ಕೇಳತು. ನಮ್ಮ ಕಟ್ಟೀ ಮ್ಯಾಲ ತಾಳ ತಪ್ಪಿದವ್ರು ಗೆದ್ದಾರ. ಸವಾಲ ಕೇಳಲಾರದವ್ರು ಗೆದ್ದಿಲ್ಲ. ನಿನ್ನ ಶಾಲೀ ಕಟ್ಟೀದು ನನಗ ಗೊತ್ತಿಲ್ಲ. ಕಳಸೂದು ಬಿಡೂದು ನಿಂದು."

ಅಕ್ಕ ಸಿಡಿದೆದ್ದಳು. "ಲೇ, ಕೈಮುಗದ ಕರೆಸಿದ್ರ ಎಡವಿದ್ದನ್ನ ಆರಿಸಿ ಕೊಡ್ತಿಯೇನ? ನಿನ್ನ ಶಾಲಿ ಮಕ್ಕಳಿಗೂ ಹಿಂಗ ಮಾರ್ಕ್ಸ್ ಹಾಕ್ತಿದ್ದೇನ?"

ಹುಡುಗಿ ಅಟ್ಟಣಿಗೆಯ ಬಲೆಯಲ್ಲಿ ಸಿಕ್ಕಿಕೊಂಡಿದ್ದ ಒಂದು ಒಣದ್ರಾಕ್ಷಿಯನ್ನು ಬಿಡಿಸಿ ಬಾಯಿಗೆ ಹಾಕಿಕೊಂಡಳು. ಆಮೇಲೆ, "ನಂಗೂ ಆ ದಿನಾನ ಖುಷಿಯಾಗಿತ್ತು. ಹೇಳಾಕ ಅಂಜಿಕಿ ಇತ್ತು," ಎಂದು ಎದ್ದು ಹೋದಳು.

ತೋಟದಲ್ಲಿ ರೇಂಜು ಬರುವುದು ಒಂದೇ ಜಾಗದಲ್ಲಿ: ಟ್ರ್ಯಾಕ್ಟರಿನ ಸೀಟಿನ ಮೇಲೆ ಎದ್ದು ನಿಂತರೆ. ಹತ್ತಿ ನಿಂತು ಮೊಬೈಲನ್ನು ತಲೆಯ ಮೇಲೆ ಹಿಡಿದಳು. ಕಬ್ಬು ತುಂಬಿದ ಗಾಡಿ ದಿಬ್ಬ ಏರಿದ ಹಾಗೆ ಎರಡನೆಯ ಸಂಜೆಯ ರೆಕಾರ್ಡು ಏರಿತು; ನಡುವೆ ಎರಡು ಸಲ ಹಿಂದಕ್ಕೆ ಜಾರಿತು. ಮಾಮಾ ಟೈರಿನ ಪಕ್ಕ ನಿಂತು, "ಹಂ, ಇನ್ನ ಸ್ವಲ್ಪ, ಬಿಡಬ್ಯಾಡ, ಬಿಡಬ್ಯಾಡ!" ಎಂದು ಎತ್ತು ಹುರಿದುಂಬಿಸಿದಂತೆ ಕೂಗುತ್ತಿದ್ದ. ಹೋಯಿತು. ಅಕ್ಕ ಕೊಕಟನೂರಿನ ಎಲ್ಲವ್ವನ ದಿಕ್ಕಿಗೆ ಕೈಮುಗಿದು ಉಡಿ ತುಂಬುವುದಾಗಿ ಹರಕೆ ಹೊತ್ತಳು. ನನಗೆ ಆ ದಿನ ಎರಡನೆಯ ಸಲ ಚಹಾ ಬರಲಿಲ್ಲ.

ನಂತರದ ವಾರಗಳಲ್ಲಿ ನಾನು ತೆಲಸಂಗದ ಬಸ್ಸುಗಳಿಂದ ದೂರ ಉಳಿದೆ. ಫೋನು ಬಂದರೆ ಮೊದಲು ಯಾರದೆಂದು ನೋಡಿ ಎತ್ತುತ್ತಿದ್ದೆ. ಒಂದು ದಿನ ಹುಡುಗಿಯದೇ ಬಂತು. ಸಂದರ್ಶನಕ್ಕೆ ಕರೆದಿದ್ದರಂತೆ, ಹೋಗಿದ್ದಳಂತೆ, ಸೀಟು ಸಿಕ್ಕಿತಂತೆ. ಆ ಅಪಸ್ವರದ ಮಾತನ್ನು ಅವರು ಎತ್ತಿದರೋ ಎಂದು ಕೇಳಿದೆ.

"ಎತ್ತಿದ್ರರಿ. ಅದರಕಿಂತ ಮೊದಲ, ಅಲ್ಲಿ ಅಷ್ಟ ತಡದಿ ಯಾಕ ಅಂತ ಕೇಳಿದ್ರು. ಓಬೋದ್ದು ಇನ್ನೂ ಮುಗದಿರಲಿಲ್ಲ ಅಂದೆ. ಒಬ್ಬಾಕಿ ಮೇಡಮ್ ನಕ್ಕ ಏನೋ ಬರಕೊಂಡ್ಲು."

ಅಕ್ಕ ಉಡಿ ತುಂಬಿ ಬಂದಳು. ಸೀಟು ಕೊಡಿಸಿದ್ದು ಎಲ್ಲವ್ವ ಎಂಬುದರಲ್ಲಿ ಅವಳಿಗೆ ಸಂದೇಹವಿಲ್ಲ. ನಾನು ಆ ಕೆಲಸವನ್ನು ದೇವಿಗೆ ಕಠಿಣ ಮಾಡಿದೆನೆಂಬುದರಲ್ಲಿಯೂ ಇಲ್ಲ. ಆದರೂ ರೂಢಿ ತಪ್ಪಿಸಬಾರದೆಂದು ತೆಂಗಿನಕಾಯಿ, ಟಾವೆಲ್ಲು ಕೊಟ್ಟಳು. ಮಾಮಾ ಮಾತ್ರ ತೀರ್ಪನ್ನು ಇನ್ನೂ ಒಪ್ಪಿಲ್ಲ. ಅಂದು ಗೆದ್ದವರು ಹರದೇಶಿಯವರೇ ಎಂಬುದು ಅವನ ಪಕ್ಷ. ಕಬ್ಬಿನ ಹಂಗಾಮು ಶುರುವಾದಾಗಿನಿಂದ ಟ್ರ್ಯಾಕ್ಟರಿನಲ್ಲಿ ಆ ಕಾನ್ಚರ್ಟೋವನ್ನು ಹಚ್ಚಿಕೊಂಡೇ ಫ್ಯಾಕ್ಟರಿಗೆ ಹೋಗುತ್ತಾನೆ, ದಾರಿಯ ಮಂದಿಯ ಅಭಿಪ್ರಾಯ ತಿಳಿಯಲು. ಎರಡನೆಯ ಸಂಜೆಯದನ್ನೇ ಹಚ್ಚುತ್ತಾನಂತೆ. ಓಬೋದ ಸ್ವರ ಸಣ್ಣಗಾಗಿ ಆರುವಲ್ಲಿ ಹಿಂದಿನ ಗಾಡಿಯವರು ಡೆಕ್ಕು ಕೆಟ್ಟಿತೆಂದು ತಿಳಿದು ಹಾರ್ನು ಹೊಡೆಯುತ್ತಾರಂತೆ. ಮಾಮಾ ಕೈ ಹೊರಗೆ ಹಾಕಿ, ತಡೀರಿ ಎಂದು ಸನ್ನೆ ಮಾಡುತ್ತಾನಂತೆ.