ಅಪ್ಪನ ಜೇಬಿನ ಕಪ್ಪು ವಿಡಿಯೋಗಳು

ನಮ್ಮ ಮನೆಯ ನಾಲ್ಕು ಫೋನುಗಳಿಗೂ ಒಂದೇ ಮೇಲ್ ಐಡಿ. ಅದು ನನ್ನದು. ಅಪ್ಪ, ತಮ್ಮ, ತಮ್ಮನ ಹೆಂಡತಿ, ಯಾರು ಹೊಸ ಫೋನು ತಂದರೂ ನಾನು ರಜೆಗೆ ಊರಿಗೆ ಹೋದಾಗ ನನ್ನ ಮುಂದೆ ಹಿಡಿಯುತ್ತಿದ್ದರು. ನಾನು ಗೊಣಗಿಕೊಂಡೇ ನನ್ನ ಪಾಸ್‌ವರ್ಡ್ ಒತ್ತಿ ವಾಪಸು ಕೊಡುತ್ತಿದ್ದೆ. ಆಳಿಗೊಂದು ಐಡಿ ಮಾಡಿ, ಅವರು ಮರೆತಾಗಲೆಲ್ಲ ಹುಡುಕಿ ಕೊಡುವ ತಾಪತ್ರಯ ಯಾರಿಗೆ ಬೇಕು? ನಮ್ಮ ಕುರಿಮಂದೆಯನ್ನೆಲ್ಲ ರಾತ್ರಿ ಒಂದೇ ರೊಪ್ಪದಲ್ಲಿ ಕೂಡುವ ಹಾಗೆ ಮನೆಗೆಲ್ಲ ಒಂದೇ ಐಡಿ ಇರಲಿ ಅಂದುಕೊಂಡೆ. ಆಗ ಅದು ಬಲು ಜಾಣತನ ಅನ್ನಿಸಿತ್ತು.

ನಮ್ಮೂರು ಪಾವಗಡ ತಾಲ್ಲೂಕಿನ ಬಲಸಮುದ್ರಕ್ಕೆ ಹತ್ತಿರ. ನಾನು ಕೊರಟಗೆರೆಯಲ್ಲಿ ಟೀಚರು. ಊರಲ್ಲಿ ಯಾರು ಏನು ತೆಗೆದರೂ ಅದು ಕ್ಲೌಡಿಗೆ ಏರಿ, ಇಲ್ಲಿ ನನ್ನ ಫೋನಿಗೆ ಇಳಿಯುತ್ತಿತ್ತು. ತಮ್ಮ ಸೋಲಾರ್ ಪಾರ್ಕಿನಲ್ಲಿ ಫಲಕ ತೊಳೆಯುವ ಕೆಲಸಕ್ಕಿದ್ದಾನೆ, ಅವನ ಫಲಕಗಳು. ಅವನ ಹೆಂಡತಿಯ ರವಿಕೆ ಡಿಸೈನುಗಳು. ಯಾರ್‍ಯಾರೋ ಕಳಿಸಿದ ಶುಭೋದಯದ ಗುಲಾಬಿಗಳು. ಅಪ್ಪನ ಫೋನಿನಲ್ಲಿ ಜಾಗ ಕಡಿಮೆ ಎಂದು ಅಲ್ಲಿನ ಪ್ರತಿಗಳನ್ನೆಲ್ಲ ನಾನೇ ತೆಗೆದುಹಾಕಿ, ಕ್ಲೌಡಿನಿಂದಲೇ ನೋಡುವ ಹಾಗೆ ಮಾಡಿಕೊಟ್ಟಿದ್ದೆ. ಅವ್ವನಿಗೆ ಫೋನು ಇರಲಿಲ್ಲ.

ಅವ್ವ ಹೋಗಿ ನಾಲ್ಕು ತಿಂಗಳಾಗಿತ್ತು. ಒಂದು ಭಾನುವಾರ, ಜಾಗ ತುಂಬಿದೆ, ಜಾಗ ತುಂಬಿದೆ ಎಂದು ಫೋನು ನೂರನೇ ಸಲ ಬಡಕೊಂಡಾಗ ನನಗೆ ರೇಗಿತು. ಕೂತು ಎಲ್ಲ ಅಳಿಸತೊಡಗಿದೆ. ಗುಲಾಬಿ ಹೋದವು, ರವಿಕೆ ಹೋದವು. ಆಮೇಲೆ ಸಿಕ್ಕಿದ್ದು ಸಾಲು ಸಾಲು ಕಪ್ಪು ವಿಡಿಯೋಗಳು, ಎಲ್ಲವೂ ಅಪ್ಪನ ಫೋನಿನಿಂದ ಬಂದವು. ಒಂದರಲ್ಲೂ ಚಿತ್ರವಿಲ್ಲ, ಬರೀ ಕತ್ತಲು. ಜೇಬಿನಲ್ಲಿದ್ದಾಗ ಬೆರಳು ತಾಗಿ ಆಗಿರಬೇಕು, ಈ ಮುದುಕನಿಗೆ ಫೋನು ಕೊಟ್ಟಿದ್ದೇ ತಪ್ಪು ಎಂದು ಬೈದುಕೊಂಡು, ಮೂವತ್ತೆಂಟನ್ನೂ ಒಟ್ಟಿಗೆ ಗುರುತು ಹಾಕಿ ಒಂದೇ ಏಟಿಗೆ ತೆಗೆದೆ. ಒಂದನ್ನಾದರೂ ತೆರೆದು ಕೇಳಲಿಲ್ಲ.

ಮರುದಿನ ಸಂಜೆ ಅಪ್ಪನ ಫೋನು ಬಂತು. ಅಪ್ಪ ತಾನಾಗಿ ಫೋನು ಮಾಡುವ ಪೈಕಿ ಅಲ್ಲ.

"ಅಮ್ಮಣ್ಣಿ, ನಿಮ್ಮವ್ವ ನೆನ್ನೆಯಿಂದ ಬತ್ತಿಲ್ಲ ಕಣಮ್ಮ" ಅಂದ.

"ಏನಪ್ಪಾ ಹಂಗಂದ್ರೆ?"

"ಬತ್ತಿಲ್ಲ. ಕುರಿ ಒಂದೂ ರೊಪ್ಪಕ್ಕೆ ಬರ್ನಿಲ್ಲ. ರಾತ್ರಿ ತೋಳ ಒಂದು ಮರಿ ಹೊತ್ಕಂಡೋಯ್ತು. ಹೆಂಗಾರ ಮಾಡಿ ಅವಳ್ನ ಬರಂಗೆ ಮಾಡಮ್ಮ" ಅಂದು ಇಟ್ಟುಬಿಟ್ಟ.

ಅಪ್ಪನಿಗೆ ತಲೆ ಕೆಟ್ಟಿತು ಎಂದೇ ನಾನು ತಿಳಿದೆ. ರಜೆ ಬರೆದುಕೊಟ್ಟು ಮಾರನೇ ದಿನ ಬಸ್ಸು ಹತ್ತಿದೆ.

ಮನೆಯಲ್ಲಿ ತಮ್ಮನ ಹೆಂಡತಿ ಒಬ್ಬಳೇ ಇದ್ದಳು. ನನ್ನ ಕೈ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋಗಿ ಪಿಸುಗುಟ್ಟಿದಳು: "ಅಕ್ಕ, ಬಯ್ಯಬ್ಯಾಡ. ಮೂರು ತಿಂಗ್ಳಿಂದ ದಿನಾ ಹೊತ್ತು ಮುಳುಗೋ ಟೈಮ್ಗೆ ಅತ್ತಮ್ಮನ ದನಿ ಕೇಳುಸ್ತಿತ್ತು. ರೊಪ್ಪದ ಕಡೆಯಿಂದ. ಮೊದಲ್ನೇ ದಿನ ನಾನು ಕೈಯಾಗಿದ್ದ ಬೋಸಿ ಬುಟ್ಟು ಒಳೀಕೆ ಓಡ್ಬಂದ್ಬುಟ್ಟೆ. ಮಾವಂಗೆ ಹೇಳಾಣ ಅಂದ್ರೆ, ಮಾವ ಅಲ್ಲೇ ನಿಂತವ್ರೆ! ನಿಮ್ ತಮ್ಮಂಗೆ ಹೇಳುದ್ರೆ, ನಿಂಗೆಲ್ಲೋ ಗಾಳಿ ತಾಕೈತೆ ಅಂತ ನಗ್ತಾರೆ. ಈಗ ಎರಡು ದಿನದಿಂದ ಇಲ್ಲ ಅಕ್ಕ. ದನಿನೂ ಇಲ್ಲ, ಕುರಿನೂ ಬತ್ತಿಲ್ಲ."

ಅಪ್ಪನಿಗೊಬ್ಬನಿಗೆ ತಲೆ ಕೆಟ್ಟಿದ್ದರೆ ಸರಿ, ಇವಳಿಗೂ ಕೇಳಿಸಿದೆಯಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಕುರಿಯನ್ನು ಮೇಯಿಸುವುದು ಗಂಡಸು, ರೊಪ್ಪಕ್ಕೆ ಕರೆಯುವುದು ಮನೆಯ ಹೆಂಗಸು. ಒಂದೊಂದು ಮನೆಗೂ ಒಂದೊಂದು ಕೂಗು. ಅತ್ತೆ ಬದುಕಿರುವಾಗಲೇ ಸೊಸೆಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಇಬ್ಬರೂ ಒಟ್ಟಿಗೆ ಕೂಗಿ, ಕುರಿಗಳ ಕಿವಿಗೆ ಹೊಸ ದನಿಯನ್ನು ರೂಢಿ ಮಾಡಿಸಬೇಕು. ದನಿ ಕೊಡುವುದು ಅನ್ನುತ್ತಾರೆ. ಅವ್ವನಿಗೆ ಎದೆನೋವು ಕಾಣಿಸಿಕೊಂಡಾಗ ತಮ್ಮನ ಹೆಂಡತಿ ಬಾಣಂತನಕ್ಕೆ ಶಿರಾದ ತವರಿಗೆ ಹೋಗಿದ್ದಳು. ಅವಳು ಬರುವಷ್ಟರಲ್ಲಿ ಅವ್ವ ಹೊರಟುಹೋದಳು. ದನಿ ಕೊಡುವುದು ಹಾಗೇ ಉಳಿಯಿತು.

ಅಪ್ಪನನ್ನು ಹುಡುಕಿಕೊಂಡು ನಡೆದೆ. ಊರಾಚೆ ಈಗ ಕಣ್ಣು ಹಾಯಿಸಿದಷ್ಟೂ ಫಲಕಗಳು, ಮಧ್ಯೆ ತಂತಿಬೇಲಿ. ಹೊತ್ತು ಇಳಿಯುತ್ತಿತ್ತು. ಬೇಲಿಯ ಪಕ್ಕದ ಬಯಲಲ್ಲಿ ಕುರಿಗಳು ನಿಂತಿದ್ದವು. ಮೇಯುತ್ತಿರಲಿಲ್ಲ, ಅರಚುತ್ತಿರಲಿಲ್ಲ. ಎಲ್ಲವೂ ಕಿವಿ ನಿಮಿರಿಸಿಕೊಂಡು ಒಂದೇ ಕಡೆ ನೋಡುತ್ತಿದ್ದವು. ನಡುವೆ ಅಪ್ಪ ನಿಂತಿದ್ದ. ಅವನು ಎಡಕ್ಕೆ ಸರಿದರೆ ಅಷ್ಟೂ ತಲೆಗಳು ಎಡಕ್ಕೆ ಹೊರಳುತ್ತಿದ್ದವು. ಹತ್ತಿರ ಹೋದ ಮೇಲೆ ಗೊತ್ತಾಯಿತು, ಅವು ನೋಡುತ್ತಿದ್ದದ್ದು ಅಪ್ಪನ ಮುಖವನ್ನಲ್ಲ, ಅಂಗಿಯ ಜೇಬನ್ನು.

ಅಪ್ಪ ಜೇಬಿನಿಂದ ಫೋನು ತೆಗೆದು ನನ್ನ ಕೈಗಿಟ್ಟ. "ಇದ್ರಾಗೆ ಇದ್ಲು ಕಣಮ್ಮ. ಡಾಕ್ಟ್ರು ನಂಗೊಬ್ಬಂಗೇ ಕರ್ದು ಹೇಳುದ್ರು, ಇವಳು ಜಾಸ್ತಿ ದಿನ ಇರಾಕಿಲ್ಲ ಅಂತ. ಅವತ್ತಿಂದ ದಿನಾ ವಿಡಿಯೋ ಒತ್ತಿ ಜೇಬಲ್ಲಿ ಇಟ್ಕಂಡು ಪಕ್ಕದಾಗೆ ನಿಂತ್ಕತಿದ್ದೆ, ಅವಳು ಕೂಗ್ತಿದ್ಲು. ಅವಳ್ಗೆ ಗೊತ್ತಿಲ್ಲ. ಮೊನ್ನೆ ನೋಡಿದ್ರೆ ಎಲ್ಲಾ ಮಾಯ!"

"ನಾನೇ ಅಪ್ಪಾ, ನನ್ನ ಕೈಗೆ ಹಾವು ಕಚ್ಚ. ನಾನೇ ಅಳಿಸಿದ್ದು" ಅಂದೆ. ಅಪ್ಪ ಬೇಲಿಯ ಕಲ್ಲಿನ ಮೇಲೆ ಕುಸಿದು ಕೂತ.

ಅಳಿಸಿದ್ದು ಮೊದಲು ಹೋಗಿ ಬೀಳುವುದು ಬಿನ್ನಿಗೆ, ಅಲ್ಲಿ ಎರಡು ತಿಂಗಳು ಇರುತ್ತದೆ ಎಂಬುದು ನನಗೆ ಗೊತ್ತು. ಆದರೆ ನನ್ನ ಚಟವೂ ನನಗೆ ಗೊತ್ತು. ಕಸ ಗುಡಿಸಿದರೆ ಮೊರ ಒದರಿಯೇ ಒಳಗೆ ಬರುವವಳು ನಾನು. ಅವತ್ತು ಬಿನ್ನನ್ನೂ ಖಾಲಿ ಮಾಡಿದೆನೋ ಇಲ್ಲವೋ, ಎಷ್ಟು ನೆನೆದರೂ ನೆನಪಾಗಲಿಲ್ಲ. ನೆಟ್‌ವರ್ಕ್ ಒಂದು ಗೆರೆ ಬರುತ್ತಿತ್ತು, ಹೋಗುತ್ತಿತ್ತು. ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇತ್ತು. ಆಗ ಮೇಲೆ ಅದೇ ಹಳೆಯ ಎಚ್ಚರಿಕೆ ಮತ್ತೆ ಬಂತು: ಜಾಗ ತುಂಬಿದೆ. ಅಷ್ಟು ಅಳಿಸಿದರೂ ತುಂಬಿದೆ ಎಂದರೆ ಎಲ್ಲವೂ ಇನ್ನೂ ಬಿನ್ನಿನಲ್ಲೇ ಕೂತಿದೆ! ಬದುಕಿದೆ ಅನ್ನಿಸಿತು.

ಬಿನ್ನು ತೆರೆಯಿತು. ಗುಲಾಬಿ, ರವಿಕೆಗಳ ನಡುವೆ ಮೂವತ್ತೆಂಟು ಕಪ್ಪು ಚೌಕಗಳು. ಪ್ರತಿಯೊಂದರ ಮೇಲೂ ಇನ್ನು ಐವತ್ತೆಂಟು ದಿನ ಎಂದಿತ್ತು. ಒಂದೊಂದನ್ನೇ ಗುರುತು ಹಾಕಿ ವಾಪಸು ತಂದೆ. ಕೊನೆಗೆ ಇನ್ನೊಂದು ಕಪ್ಪು ಚೌಕ ಉಳಿಯಿತು, ಮೂವತ್ತೊಂಬತ್ತನೆಯದು. ಅದರ ಮೇಲೆ ಮೂರೇ ದಿನ ಎಂದಿತ್ತು. ಅದನ್ನು ನೋಡುವಷ್ಟು ಪುರುಸೊತ್ತು ಆಗ ಇರಲಿಲ್ಲ, ಕತ್ತಲಾಗುತ್ತಿತ್ತು.

ಅಪ್ಪ ರೊಪ್ಪದ ಬಾಯಲ್ಲಿ ನಿಂತು, ಒಂದನ್ನು ಒತ್ತಿ, ಫೋನನ್ನು ಜೇಬಿಗಿಟ್ಟುಕೊಂಡ. ಸ್ವಲ್ಪ ಹೊತ್ತು ಬಟ್ಟೆಯ ಸರಪರ ಸದ್ದು. ಆಮೇಲೆ ಅಪ್ಪನ ಎದೆಯೊಳಗಿಂದ ಅವ್ವ ಕೂಗಿದಳು. "ರ್‍ರ್‍ರ್‍ಯೋ... ರಾವೇ ತಲ್ಲೀ... ರಾ ರಾ ರಾ..." ಬಾ ತಾಯೀ ಎಂದು ತೆಲುಗಿನಲ್ಲಿ ಕರೆಯುವ ನಮ್ಮ ಮನೆಯ ಕೂಗು, ಅದೇ ಏರು, ಅದೇ ಕಡೆಯಲ್ಲಿ ಒಡೆಯುವ ದನಿ. ಕುರಿಗಳು ಒಂದರ ಹಿಂದೊಂದು ಬಂದು, ಅಪ್ಪನ ಜೇಬಿಗೆ ಮೂಗು ತಾಗಿಸಿ, ಒಳಗೆ ಹೋದವು. ಅಪ್ಪ ನೆಲ ನೋಡಿಕೊಂಡು, "ಇವತ್ತು ನಿನ್ ಮಗಳು ಬಂದವ್ಳೆ ಕಣೇ" ಅಂದ. ನನಗೆ ಹೇಳಿದ್ದಲ್ಲ ಅದು.

ಮರುದಿನ ಬೆಳಿಗ್ಗೆ ವಾಪಸು ಹೊರಟೆ. ಬಸ್ಸು ಮಧುಗಿರಿ ದಾಟುವಾಗ ಆ ಉಳಿದ ಚೌಕ ನೆನಪಾಯಿತು. ಅಳಿಯಲು ಈಗ ಎರಡೇ ದಿನವಿದೆ ಅಂದರೆ ಹೆಚ್ಚುಕಡಿಮೆ ಎರಡು ತಿಂಗಳ ಹಿಂದೆಯೇ ಯಾರೋ ಅದನ್ನು ತೆಗೆದುಹಾಕಿದ್ದಾರೆ, ನಾನಲ್ಲ. ಇಯರ್‌ಫೋನು ಸಿಕ್ಕಿಸಿಕೊಂಡು ಒತ್ತಿದೆ. ಕತ್ತಲು. ಬಟ್ಟೆಯ ಸದ್ದು. ಕೂಗು ಬರಲಿಲ್ಲ. ಅವ್ವ ತೀರಾ ಹತ್ತಿರದಿಂದ, ಜೇಬಿಗೆ ಬಾಯಿಟ್ಟ ಹಾಗೆ ಮಾತಾಡಿದಳು.

"ಅದುನ್ನ ಜೇಬಲ್ಲಿ ಇಟ್ಕಂಡ್ ಬತ್ತೀಯ ಅಂತ ನಂಗೆ ಮೊದಲ್ನೇ ದಿನದಿಂದ್ಲೂ ಗೊತ್ತು. ಇಟ್ಕಳ್ಳಿ ಬುಡು ಅಂತ ಸುಮ್ಕಿದ್ದೆ. ನಾನು ಹೋದ್ಮೇಲೆ ಕುರಿ ಮುಂದೆ ಇದುನ್ನ ಹಾಕ್ಬ್ಯಾಡ. ಸೊಸೆ ಕೂಗ್ಲಿ. ನಾಕು ದಿನ ಬರಾಕಿಲ್ಲ, ಆಮೇಲೆ ಬತ್ತಾವೆ. ನನ್ ದನಿ ಕೇಳ್ತಾನೇ ಇದ್ರೆ ಅವು ಅವಳ ಕಡೆ ತಿರುಗಾಕಿಲ್ಲ, ನಂಗೂ ಹೋಗಾಕೆ ಬುಡಾಕಿಲ್ಲ. ಕೇಳುಸ್ತಾ?"

ಆಮೇಲೆ ಅಪ್ಪನ ದನಿ. "ಊಂ."

ಹಾಡಹಗಲು, ಬಸ್ಸಿನ ತುಂಬ ಜನ, ನಾನು ಚಳಿ ಹತ್ತಿದವಳ ಹಾಗೆ ಸೆರಗು ಹೊದ್ದು ಕೂತೆ. ಅಪ್ಪನ ಮೇಲೆ ಸಿಟ್ಟು ಉಕ್ಕಿತು. ಊಂ ಅಂದವನು ಮಾತು ಉಳಿಸಿಕೊಳ್ಳಲಿಲ್ಲ, ಸಾಕ್ಷಿಯನ್ನೂ ಅಳಿಸಿದ. ಹಿಂದಕ್ಕೆ ತರುವ ಗುಂಡಿ ಬೆರಳ ಕೆಳಗೇ ಇತ್ತು. ಒತ್ತಿದರೆ ಅದು ಮನೆಯ ನಾಲ್ಕೂ ಫೋನುಗಳಲ್ಲಿ ಕಾಣುತ್ತಿತ್ತು. ತಮ್ಮನ ಹೆಂಡತಿ ಕೇಳುತ್ತಿದ್ದಳು, ಅಪ್ಪ ತಲೆ ತಗ್ಗಿಸಬೇಕಾಗುತ್ತಿತ್ತು, ಅವ್ವ ಹೇಳಿದಂತೆ ಆಗುತ್ತಿತ್ತು, ರೊಪ್ಪದಲ್ಲಿ ಅವ್ವನ ಕೂಗು ನಿಲ್ಲುತ್ತಿತ್ತು.

ಆ ಸಂಜೆ ಅಪ್ಪ ಫೋನು ಮಾಡಿದ. "ಎಲ್ಲಾ ಬಂದವೆ ಕಣಮ್ಮ, ಮೂವತ್ತೆಂಟೂ" ಅಂದ. ಆಮೇಲೆ, "ಅಲ್ಲಿ ಬೇರೆ ಏನಾರ ಇತ್ತಾ?" ಎಂದು ಕೇಳಿದ.

"ಇಲ್ಲಪ್ಪ, ಅಷ್ಟೇ ಇದ್ದಿದ್ದು" ಅಂದೆ.

ಅವನು ಉಸಿರು ಬಿಟ್ಟದ್ದು ಕೇಳಿಸಿತು. ಮಾರನೇ ದಿನ ಚೌಕದ ಮೇಲೆ ಒಂದೇ ದಿನ ಎಂದಿತ್ತು. ನಾಲ್ಕಾರು ಸಲ ತೆರೆದು ನೋಡಿ, ಮುಟ್ಟದೆ ಇಟ್ಟೆ. ಅದರ ಮಾರನೇ ದಿನ ಬಿನ್ನಿನಲ್ಲಿ ಆ ಚೌಕ ಇರಲಿಲ್ಲ. ಅವ್ವ ನಮ್ಮನ್ನು ಕೇಳಿದ್ದು ಅದೊಂದೇ. ಅದನ್ನು ನಾನೂ ಅಪ್ಪನೂ ಸೇರಿ ಅಳಿಸಿದೆವು.

ಅವತ್ತು ಸಂಜೆ ತಮ್ಮನ ಹೆಂಡತಿ ಫೋನು ಮಾಡಿದಳು. "ಇವತ್ತು ನಾನೂ ಒಂದ್ಸಲ ಕೂಗಿ ನೋಡ್ದೆ ಅಕ್ಕ, ಒಂದೂ ತಿರುಗಿ ನೋಡ್ನಿಲ್ಲ" ಅಂದಳು. ಅವಳ ಮಾತಿನ ಹಿಂದೆ, ರೊಪ್ಪದ ಕಡೆಯಿಂದ, ಅವ್ವ ಕೂಗುತ್ತಿದ್ದಳು.